ಮೇಲಿನ ಮೂರು ಸಾಲು

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಸಿಮೆಂಟು, ಕಬ್ಬಿಣ ಮಾರುವ ಅಂಗಡಿಯ ಮಹಡಿ ಮೇಲೆ ನಮ್ಮ ಆಫೀಸು. ಆಫೀಸು ಅಂದರೆ ಎರಡು ಕೋಣೆ, ಮೂರು ಕಂಪ್ಯೂಟರು, ನಾವು ಮೂವರು. ಯಜಮಾನರು ಮೊದಲು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದವರು. ಅದನ್ನು ಬಿಟ್ಟು ರಕ್ತ ಪರೀಕ್ಷೆಯ ಲ್ಯಾಬುಗಳಿಗಾಗಿ ಒಂದು ಪ್ರೋಗ್ರಾಂ ಬರೆದು, ಅರಸೀಕೆರೆ, ಬಾಣಾವರ, ಹಳೇಬೀಡು, ಬೇಲೂರು ಅಂತ ಸುತ್ತಲಿನ ಸಣ್ಣ ಸಣ್ಣ ಲ್ಯಾಬುಗಳಿಗೆ ಕೊಟ್ಟಿದ್ದರು. ರೋಗಿಯ ಹೆಸರು, ಪರೀಕ್ಷೆಯ ಅಂಕಿ ಟೈಪು ಮಾಡಿದರೆ ಅಚ್ಚುಕಟ್ಟಾದ ರಿಪೋರ್ಟು ಪ್ರಿಂಟಾಗಿ ಬರುತ್ತಿತ್ತು. ಇನ್ನೊಬ್ಬರು ಬೈಕಿನಲ್ಲಿ ಊರೂರು ತಿರುಗಿ ಅದನ್ನು ಹಾಕಿಕೊಡುವವರು. ಮೂರನೆಯವಳು ನಾನು.

ನಮ್ಮಪ್ಪ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಕ್ವಾರ್ಟರ್ಸಿನಿಂದ ಆಫೀಸಿಗೆ ನಡೆದರೆ ಹತ್ತು ನಿಮಿಷ. ಹಾಸನದಲ್ಲಿ ಕಂಪ್ಯೂಟರ್ ಓದಿ ಊರಲ್ಲೇ ಕೆಲಸ ಸಿಕ್ಕಿತಲ್ಲ ಅಂತ ಅಮ್ಮನಿಗೆ ಸಮಾಧಾನ. ಅಪ್ಪ ಮಾತ್ರ ಮೊದಲ ದಿನ ಹೊರಟಾಗ ಬಾಗಿಲ ತನಕ ಬಂದು, "ನಾಕು ಜನ ನೋಡ್ತಿರ್ತಾರೆ. ತಪ್ಪಾಗದ ಹಂಗೆ ಮಾಡು," ಅಂದಿದ್ದರು. ನಮ್ಮಂಥ ಮನೆಯಿಂದ ಬಂದವಳು ತಪ್ಪು ಮಾಡಿದರೆ ಅದು ಒಬ್ಬಳ ತಪ್ಪಾಗಿ ನಿಲ್ಲುವುದಿಲ್ಲ ಅನ್ನುವುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ನನ್ನ ಕೆಲಸ ಹೀಗಿತ್ತು. ಲ್ಯಾಬಿನಲ್ಲಿ ಪ್ರೋಗ್ರಾಂ ಇದ್ದಕ್ಕಿದ್ದಂತೆ ಕ್ರ್ಯಾಶ್ ಆಗಿ ನಿಂತುಹೋದರೆ, ನಿಲ್ಲುವ ಮೊದಲು ಅದು ಒಂದು ಪುಟ್ಟ ವರದಿ ಬರೆದಿಡುತ್ತಿತ್ತು. ಕೊನೆಗಳಿಗೆಯಲ್ಲಿ ತಾನು ಯಾವ ಕೆಲಸ ಮಾಡುತ್ತಿದ್ದೆ ಅನ್ನುವುದು ಮೊದಲ ಸಾಲು. ಆ ಕೆಲಸವನ್ನು ಹೇಳಿದ್ದು ಪ್ರೋಗ್ರಾಮಿನ ಯಾವ ಭಾಗ ಅನ್ನುವುದು ಅದರ ಕೆಳಗಿನ ಸಾಲು. ಹೀಗೆ ಇಳಿಯುತ್ತ ಹೋಗಿ ಹದಿನೈದಿಪ್ಪತ್ತು ಸಾಲು. ಲ್ಯಾಬಿನವರು ಆ ವರದಿಗಳನ್ನು ಫ್ಲಾಪಿಗೆ ತುಂಬಿ, ಕವರಿನಲ್ಲಿ ಹಾಕಿ, ಬಸ್ ಕಂಡಕ್ಟರ ಕೈಗೆ ಕೊಟ್ಟು ಕಳಿಸುತ್ತಿದ್ದರು. ಬೇಲೂರಿನ ಕವರು ಮಧ್ಯಾಹ್ನದ ಹೊತ್ತಿಗೆ ಅರಸೀಕೆರೆ ಬಸ್ ಸ್ಟ್ಯಾಂಡಿಗೆ ಬರುತ್ತಿತ್ತು. ನಾನು ಊಟ ಮುಗಿಸಿ ಹೋಗಿ ಇಸಕೊಂಡು ಬರುತ್ತಿದ್ದೆ.

ಮೊದಮೊದಲು ಪ್ರತಿ ವರದಿಯನ್ನೂ ಪ್ರಿಂಟು ತೆಗೆದು, ಮೇಜಿನ ಮೇಲೆ ಹರಡಿ, ಒಂದೊಂದೇ ಓದುತ್ತಿದ್ದೆ. ಹತ್ತು ವರದಿ ಬಂದರೆ ಅದರಲ್ಲಿ ಎಂಟು ಒಂದೇ ಕಾರಣದ್ದಾಗಿರುತ್ತಿತ್ತು. ಪ್ರಿಂಟರಿನಲ್ಲಿ ಕಾಗದ ಮುಗಿದಿದ್ದರೆ ನಮ್ಮ ಪ್ರೋಗ್ರಾಂ ತಡಕೊಳ್ಳದೆ ನಿಂತುಬಿಡುತ್ತಿತ್ತು. ಅದೇ ದೂರು, ಬೇರೆ ಬೇರೆ ಊರಿಂದ. ಒಂದು ವಾರ ಕವರುಗಳು ರಾಶಿ ಬಿದ್ದಾಗ ನನಗೆ ಒಂದು ಉಪಾಯ ಹೊಳೆಯಿತು. ಒಂದೇ ತರದ ವರದಿಗಳನ್ನು ತಾನಾಗಿಯೇ ಗುರುತು ಹಿಡಿದು ಒಂದೇ ಕಟ್ಟಿಗೆ ಸೇರಿಸುವ ಚಿಕ್ಕ ಪ್ರೋಗ್ರಾಂ ಬರೆದೆ. ಎರಡು ವರದಿಗಳ ಮೇಲಿನ ಮೂರು ಸಾಲು ಒಂದೇ ಆಗಿದ್ದರೆ ಅವು ಒಂದೇ ಕಟ್ಟು. ಯಾಕೆ ಮೂರು ಅಂದರೆ, ಇಪ್ಪತ್ತೂ ಸಾಲು ಹೋಲಿಸಿದರೆ ಯಾವ ಎರಡೂ ಹೊಂದುತ್ತಿರಲಿಲ್ಲ, ಮತ್ತೆ ನಾನೇ ಓದಬೇಕಾಗುತ್ತಿತ್ತು. ಮೂರಕ್ಕೆ ನಿಲ್ಲಿಸಿದರೆ ಎಲ್ಲ ಚೆನ್ನಾಗಿ ಕೂಡಿಕೊಳ್ಳುತ್ತಿತ್ತು. ಅಷ್ಟೇ ಕಾರಣ. ಅದಕ್ಕಿಂತ ಹೆಚ್ಚು ನಾನು ಯೋಚಿಸಿರಲಿಲ್ಲ.

ಯಜಮಾನರು ನನ್ನ ಹಿಂದೆ ನಿಂತು ನೋಡಿ, "ಭಾಳ ಚೆನ್ನಾಗಿದೆ ಕಣಮ್ಮ, ವಾರದ ಕೆಲಸ ಅರ್ಧ ಗಂಟೇಲಿ ಆಯ್ತಲ್ಲ," ಅಂದರು. ಹಿಗ್ಗಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಕಟ್ಟಿಗೂ ಒಂದು ಸಿದ್ಧ ಉತ್ತರ ಅಂಟಿಸಿದೆ. ಪ್ರಿಂಟರಿನ ಕಟ್ಟಿಗೆ ನನ್ನ ಉತ್ತರ: ಇದು ನಮಗೆ ಗೊತ್ತಿರುವ ತೊಂದರೆ, ಕಾಗದ ಹಾಕಿ ಪ್ರೋಗ್ರಾಂ ಮತ್ತೆ ತೆರೆಯಿರಿ, ಭಯಪಡಬೇಕಾಗಿಲ್ಲ.

ಆ ತಿಂಗಳುಗಳಲ್ಲಿ ಬೇಲೂರಿನ ಲ್ಯಾಬಿನಿಂದ ನನಗೆ ಎರಡು ಸಲ ಫೋನು ಬಂದಿತ್ತು. ಮಾಡಿದ್ದು ಅಲ್ಲಿನ ಟೆಕ್ನಿಷಿಯನ್, ನನಗಿಂತ ಹದಿನೈದು ವರ್ಷ ದೊಡ್ಡವರು, ಒಬ್ಬರೇ ರಕ್ತ ತೆಗೆದು ಒಬ್ಬರೇ ಪರೀಕ್ಷೆ ಮಾಡಿ ಒಬ್ಬರೇ ಟೈಪು ಮಾಡುವವರು. "ಕಾಗದ ಐತೆ ಕಣಮ್ಮ. ಕಾಗದ ಇದ್ರೂ ನಿಂತೋಗ್ತದೆ," ಅಂದರು ಮೊದಲ ಸಲ. ನಾನು ಅವರ ವರದಿ ಯಾವ ಕಟ್ಟಿಗೆ ಸೇರಿದೆ ಅಂತ ನೋಡಿ, "ಅದು ಪ್ರಿಂಟರ್ ತೊಂದ್ರೆನೇ ಮೇಡಂ, ಮತ್ತೆ ತೆಗೀರಿ, ಸರಿಹೋಗತ್ತೆ," ಅಂದೆ. ಎರಡನೆಯ ಸಲ ಅವರು ಸುಮ್ಮನೆ ನನ್ನ ಮಾತು ಕೇಳಿಸಿಕೊಂಡು ಫೋನು ಇಟ್ಟರು.

ಮೂರನೆಯ ಫೋನು ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಆಫೀಸಿನ ಕಸ ಗುಡಿಸಿ ನೀರು ಕುಡಿಯುತ್ತಿದ್ದೆ.

"ಒಂದ್ ವಿಷ್ಯ ಹೇಳ್ತೀನಿ, ಹೆದ್ರಬ್ಯಾಡ," ಅಂದರು. ಹಾಗಂದರೆ ಹೆದರದೆ ಇರುವವರು ಯಾರು. "ಈಗ ಒಬ್ಬ ಗಂಡಸಿನ ರಿಪೋರ್ಟ್ ಪ್ರಿಂಟ್ ತಗಂಡೆ. ಹೆಸ್ರು ಅವರದೇ. ಕೆಳಗೆ ಇರೋದೆಲ್ಲ ಬಸುರಿ ಹೆಂಗಸರಿಗೆ ಮಾಡೋ ಪರೀಕ್ಷೆ. ಅವರಿಗಿಂತ ಮುಂಚೆ ಬಂದಿದ್ದ ಹುಡುಗಿದು. ಅವಳ ರಿಪೋರ್ಟ್ ತೆಗೆಯೋವಾಗ ಪ್ರೋಗ್ರಾಂ ನಿಂತೋಗಿತ್ತು. ಮೊದ್ಲು ನಗು ಬಂತು. ಆಮೇಲೆ ಕೈಕಾಲು ತಣ್ಣಗಾಯ್ತು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗಂಡಸಿನ ಹೆಸರಿನ ಕೆಳಗೆ ಬಸುರಿಯ ಪರೀಕ್ಷೆ ಬಂದರೆ ಯಾರಿಗಾದರೂ ಕಾಣುತ್ತದೆ. ಒಬ್ಬರ ಹಿಂದೊಬ್ಬರು ಬಂದವರು ಒಂದೇ ಪರೀಕ್ಷೆ ಮಾಡಿಸಿದ್ದರೆ? ಹೆಸರು ಒಬ್ಬರದು, ಅಂಕಿ ಇನ್ನೊಬ್ಬರದು. ನೋಡಿದರೆ ಅಚ್ಚುಕಟ್ಟಾದ ರಿಪೋರ್ಟು.

ಪ್ರಿಂಟರಿನ ಕಟ್ಟು ಬಿಚ್ಚಿದೆ. ಅದರಲ್ಲಿದ್ದ ಅಷ್ಟೂ ವರದಿಗಳನ್ನು ಪ್ರಿಂಟು ತೆಗೆದು, ಹಿಂದೆ ಮಾಡುತ್ತಿದ್ದಂತೆ ಮೇಜಿನ ಮೇಲೆ ಹರಡಿದೆ. ಮೇಲಿನ ಮೂರು ಸಾಲು ಎಲ್ಲದರಲ್ಲೂ ಒಂದೇ: ಪ್ರಿಂಟರಿಗೆ ಪುಟ ಕಳಿಸುವ ಕೆಲಸ. ನಾಲ್ಕನೆಯ ಸಾಲಿಗೆ ಬಂದಾಗ ಬೇಲೂರಿನ ವರದಿಗಳು ಬೇರೆ ದಾರಿ ಹಿಡಿದಿದ್ದವು. ಆ ಲ್ಯಾಬಿಗೆ ಮಾತ್ರ ನಾವು ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿದ್ದೆವು, ಪರೀಕ್ಷೆಗೆ ಅಂತ. ಅರ್ಧಕ್ಕೆ ನಿಂತ ರಿಪೋರ್ಟನ್ನು ಮತ್ತೆ ತೆರೆದಾಗ ನೆನಪಿಟ್ಟು ಮುಂದುವರಿಸುವ ಸೌಕರ್ಯ ಅದರಲ್ಲಿತ್ತು. ಆ ಭಾಗವೇ ಎಡವುತ್ತಿತ್ತು. ಎಡವಿದ ಮೇಲೆ ಹಳೆಯ ರೋಗಿಯ ಅಂಕಿಗಳನ್ನು ಅಳಿಸದೆ ಹೊಸಬರ ಹೆಸರಿನ ಕೆಳಗೆ ಅಚ್ಚು ಹಾಕುತ್ತಿತ್ತು. ಆರು ವಾರದಿಂದ ಅದು ಮತ್ತೆಮತ್ತೆ ನನಗೆ ವರದಿ ಕಳಿಸಿತ್ತು. ನನ್ನ ಉಪಾಯ ಪ್ರತಿ ಸಲವೂ ಅದನ್ನು ಕಾಗದ ಮುಗಿದವರ ಕಟ್ಟಿಗೆ ಸೇರಿಸಿ, ಭಯಪಡಬೇಕಾಗಿಲ್ಲ ಅಂತ ಉತ್ತರ ಕೊಟ್ಟಿತ್ತು.

ಬೇಲೂರಿನ ಹಾಳೆಗಳನ್ನು ಬೇರೆ ಮಾಡಿ ಎಣಿಸಿದೆ. ಹತ್ತೊಂಬತ್ತು. ಕೆಳಗೆ ಅಂಗಡಿಯಲ್ಲಿ ಲಾರಿಯಿಂದ ಕಂಬಿ ಇಳಿಸುತ್ತಿದ್ದರು. ಪ್ರತಿ ಸದ್ದಿಗೂ ಬೆಚ್ಚುತ್ತಿದ್ದೆ.

ಯಜಮಾನರು ಬಂದ ಮೇಲೆ ಹಾಳೆಗಳನ್ನು ಅವರ ಮುಂದಿಟ್ಟು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದ್ಲು ಪ್ರೋಗ್ರಾಂ ಸರಿ ಮಾಡಣ," ಅಂದರು. "ಬೇಲೂರಿಗೆ ಹಳೇದನ್ನೇ ವಾಪಸ್ ಹಾಕ್ಸಣ. ಇವತ್ತೇ. ಆಮೇಲೆ ಜನಕ್ಕೆ ಹೇಳೋದ್ರ ಬಗ್ಗೆ ಯೋಚ್ನೆ ಮಾಡಣ."

"ಆಮೇಲೆ ಅಂದ್ರೆ ಯಾವಾಗ ಸಾರ್?"

ಅವರು ಕನ್ನಡಕ ಎತ್ತಿಕೊಂಡು ಅಂಗಿಯ ತುದಿಯಿಂದ ಒರೆಸತೊಡಗಿದರು. ಅವರೂ ನನ್ನ ಹಾಗೆಯೇ ಹೆದರಿದ್ದಾರೆ ಅನ್ನುವುದು ನನಗೆ ಆಗ ಕಂಡಿತು. ಅದರಿಂದ ನನ್ನ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಬೈಕಿನವರು ಆ ಮಧ್ಯಾಹ್ನವೇ ಬೇಲೂರಿಗೆ ಹೋಗಿ ಹಳೆಯ ಆವೃತ್ತಿ ಹಾಕಿ ಬಂದರು. ಮರುದಿನ ಬುಧವಾರ, ಯಾರಿಗೂ ಹೇಳದೆ, ಬೆಳಗಿನ ಮೊದಲ ಬಸ್ಸಿಗೆ ನಾನೂ ಬೇಲೂರಿಗೆ ಹೊರಟೆ. ಅಮ್ಮನಿಗೆ ಆಫೀಸ್ ಕೆಲಸ ಅಂದಿದ್ದೆ. ಜಾವಗಲ್ಲು, ಹಳೇಬೀಡು ದಾಟುವವರೆಗೂ ಬಸ್ಸು ಹತ್ತಿದವರ ಮುಖವನ್ನೇ ನೋಡುತ್ತಿದ್ದೆ. ಇವರ ಜೇಬಿನಲ್ಲಿ ಬೇರೆ ಯಾರದೋ ರಕ್ತದ ಲೆಕ್ಕ ಇರಬಹುದೇ ಅಂತ.

ಟೆಕ್ನಿಷಿಯನ್ ಅಕ್ಕನನ್ನು ನಾನು ಕಂಡದ್ದು ಅದೇ ಮೊದಲು. ಸಣ್ಣಗೆ, ಕಪ್ಪಗೆ, ಬಿಳಿ ಕೋಟಿನ ತೋಳು ಮಡಚಿಕೊಂಡು ನಿಂತಿದ್ದರು. ನನ್ನನ್ನು ಬೈಯುತ್ತಾರೆ ಅಂತ ಕಾದೆ. ಅವರು ಒಂದು ಸ್ಟೂಲು ಎಳೆದು ಹಾಕಿ, "ಕೂತ್ಕ, ಟೀ ಕುಡಿ, ಮುಖ ನೋಡಕ್ಕಾಗ್ತಿಲ್ಲ," ಅಂದರು.

ನಮ್ಮ ಪುಣ್ಯಕ್ಕೆ ಅವರು ಪ್ರತಿ ಪರೀಕ್ಷೆಯ ಫಲವನ್ನೂ ಮೊದಲು ಒಂದು ದಪ್ಪ ರಿಜಿಸ್ಟರಿನಲ್ಲಿ ಕೈಯಲ್ಲಿ ಬರೆದು ಆಮೇಲೆ ಟೈಪು ಮಾಡುತ್ತಿದ್ದರು. ಪ್ರಿಂಟಾದ ರಿಪೋರ್ಟುಗಳ ಕಾರ್ಬನ್ ಪ್ರತಿಯೂ ಫೈಲಿನಲ್ಲಿತ್ತು. ನನ್ನ ಹತ್ತೊಂಬತ್ತು ವರದಿಯಲ್ಲಿ ಕ್ರ್ಯಾಶ್ ಆದ ದಿನ, ಗಂಟೆ ಇತ್ತು. ನಾನು ದಿನ, ಗಂಟೆ ಹೇಳುವುದು, ಅವರು ಅದರ ಮುಂದಿನ ರೋಗಿಯನ್ನು ಹುಡುಕಿ ರಿಜಿಸ್ಟರ್ ಓದುವುದು, ನಾನು ಕಾರ್ಬನ್ ಪ್ರತಿ ಓದುವುದು. ಹೊಂದಿದರೆ ಇಬ್ಬರೂ ಉಸಿರು ಬಿಡುವುದು. ಹೊಂದದಿದ್ದರೆ ಅವರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ನಡುವೆ ಜನ ಬಂದಾಗ ಎದ್ದುಹೋಗಿ ರಕ್ತ ತೆಗೆದು ಬರುತ್ತಿದ್ದರು. ಆ ಐದು ನಿಮಿಷ ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ಕೂತಿರುತ್ತಿದ್ದೆ.

ಹನ್ನೊಂದೂವರೆಗೆ ಮುಗಿಯಿತು. ಹೆಚ್ಚಿನವು ಹೊಂದಿದವು; ಆ ಸಲಗಳಲ್ಲಿ ಅವರು ಕಂಪ್ಯೂಟರನ್ನೇ ಆರಿಸಿ ಮತ್ತೆ ಹಾಕಿದ್ದರಿಂದ ಹಳೆಯ ಅಂಕಿ ಉಳಿದಿರಲಿಲ್ಲ. ತಪ್ಪಾಗಿಯೇ ಜನರ ಕೈಸೇರಿದ್ದು ನಾಲ್ಕು. ಅದರಲ್ಲಿ ಒಂದರಲ್ಲಿ ಹಳೆಯ ಅಂಕಿಗೂ ಹೊಸ ಅಂಕಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇನ್ನೊಂದು ಹಗರೆಯ ಒಬ್ಬ ಮುದುಕರದು. ಸಕ್ಕರೆ ಕಾಯಿಲೆ ಇಲ್ಲದವರಿಗೆ ಇದೆ ಅಂತ ಬರೆದಿತ್ತು. ಮೂರನೆಯದು ಹಳೇಬೀಡಿನ ಒಬ್ಬ ಗಂಡಸಿನದು. ಅವರಿಗೆ ಸಕ್ಕರೆ ತುಂಬ ಹೆಚ್ಚಿತ್ತು, ರಿಪೋರ್ಟಿನಲ್ಲಿ ಎಲ್ಲ ಸರಿಯಿದೆ ಅಂತ ಇತ್ತು. ನಾಲ್ಕನೆಯದನ್ನು ಅಕ್ಕ ಬೆರಳಿಟ್ಟು ತೋರಿಸಿದರು.

ಮಾದಿಹಳ್ಳಿಯ ಹುಡುಗಿ. ಚೊಚ್ಚಲ ಬಸುರಿ. ರಿಜಿಸ್ಟರಿನಲ್ಲಿ ರಕ್ತದ ಗುಂಪು ನೆಗೆಟಿವ್. ಕಾರ್ಬನ್ ಪ್ರತಿಯಲ್ಲಿ ಪಾಸಿಟಿವ್.

"ಏನಾಗತ್ತೆ ಅಕ್ಕ?" ಅಂದೆ. ಮೇಡಂ ಅನ್ನುವುದು ಯಾವಾಗ ಬಿಟ್ಟೆನೋ ಗೊತ್ತಿಲ್ಲ.

"ತಾಯಿ ನೆಗೆಟಿವ್ ಇದ್ದು ಮಗು ಪಾಸಿಟಿವ್ ಆಗಿದ್ರೆ, ಹೆರಿಗೆಯಾಗಿ ಮೂರು ದಿನದೊಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಡ್ಬೇಕು. ಕೊಡ್ದಿದ್ರೆ ಈ ಮಗೂಗೆ ಏನೂ ಆಗಲ್ಲ. ಮುಂದಿನ ಮಗು ಹೊಟ್ಟೆಲೇ ಹೋಗ್ಬಹುದು. ಚೀಟಿಲಿ ಪಾಸಿಟಿವ್ ಅಂತಿದ್ರೆ ಇಂಜೆಕ್ಷನ್ ಯಾರು ಕೊಡ್ತಾರೆ?" ಅವರು ದಿನಗಳನ್ನು ಬೆರಳಿನಲ್ಲಿ ಎಣಿಸಿದರು. "ಈ ವಾರನೇ ಅವಳ ದಿನ. ನಡಿ."

ಲ್ಯಾಬಿಗೆ ಬೀಗ ಹಾಕಿ, ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ನನ್ನ ಜೊತೆ ಹೊರಟರು. ಮಾದಿಹಳ್ಳಿಯಲ್ಲಿ ಬಸ್ಸಿಳಿದು, ಹಾಲಿನ ಡೇರಿ ಹತ್ತಿರ ಕೇಳಿದರೆ ಮನೆ ತೋರಿಸಿದರು. ಹುಡುಗಿಯ ಅತ್ತೆ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು.

"ಅವಳು ತೌರಿಗೆ ಹೋದ್ಲಲ್ಲ. ಬಾಣಾವರದ ಕಡೆ. ಸೋಮವಾರ ಬೆಳಿಗ್ಗೆ ಗಂಡು ಮಗ ಆಯ್ತು ಅಂತ ಫೋನ್ ಬಂತು. ಅಲ್ಲೇ ಹೆರಿಗೆ ಆಸ್ಪತ್ರೇಲವಳೆ," ಅಂದರು. ಆಮೇಲೆ ನನ್ನನ್ನು ನೋಡಿ, "ಕೂತ್ಕಳಿ. ನೀವು ಯಾರ ಪೈಕಿ ಅಂತ ಗೊತ್ತಾಗ್ಲಿಲ್ಲ," ಅಂದರು.

ಆ ಪ್ರಶ್ನೆ ಬಂದರೆ ಚಿಕ್ಕಂದಿನಿಂದ ನಾನು ರೈಲ್ವೆಯವರ ಮಗಳು ಅಂದು ಜಾರಿಕೊಳ್ಳುತ್ತೇನೆ. ಅವತ್ತು ಅದೂ ಹೊಳೆಯಲಿಲ್ಲ. "ಆಸ್ಪತ್ರೆ ಪೈಕಿ ಕಣಮ್ಮ," ಅಂದರು ಅಕ್ಕ ಥಟ್ಟನೆ. "ಸೊಸೆ ಚೀಟಿಲಿ ಒಂದು ತಪ್ಪು ಬರೆದುಹೋಗೈತೆ. ಸರಿ ಮಾಡಕ್ಕೆ ಹೊಂಟಿದೀವಿ."

ಸೋಮವಾರ ಬೆಳಿಗ್ಗೆ ಅಂದರೆ ಗುರುವಾರ ಬೆಳಿಗ್ಗೆಗೆ ಮೂರು ದಿನ ತುಂಬುತ್ತದೆ. ಹಳೇಬೀಡಿಗೆ ಬಂದು ಎಸ್‌ಟಿಡಿ ಬೂತಿನಿಂದ ಯಜಮಾನರಿಗೆ ಫೋನು ಮಾಡಿದೆ. ಹೇಳದೆ ಬಂದಿದ್ದಕ್ಕೆ ಅವರು ಏನನ್ನುತ್ತಾರೋ ಅಂತ ಭಯ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಇಂಜೆಕ್ಷನ್ ಹೆಸ್ರು ಹೇಳಕ್ಕೆ ಅವರಿಗೆ ಫೋನ್ ಕೊಡು," ಅಂದರು. ಅಕ್ಕ ಹೇಳಿದರು. ತಂಪಿನಲ್ಲೇ ಇಡಬೇಕು, ಬಾಣಾವರದಲ್ಲಿ ಸಿಗುವುದು ಕಷ್ಟ ಅಂತಲೂ ಹೇಳಿದರು.

ಬಾಣಾವರಕ್ಕೆ ನೇರ ಬಸ್ಸು ತಪ್ಪಿ, ಜಾವಗಲ್ಲಿನಲ್ಲಿ ಇಳಿದು ಮುಕ್ಕಾಲು ಗಂಟೆ ನಿಂತೆವು. ಆ ಮುಕ್ಕಾಲು ಗಂಟೆಯನ್ನು ನಾನು ಈಗಲೂ ಕಾಲಿನಲ್ಲಿ ನೆನಪಿಟ್ಟಿದ್ದೇನೆ. ಕೂರಲಾಗಲಿಲ್ಲ. ರಸ್ತೆ ತಿರುವಿನವರೆಗೆ ನಡೆಯುವುದು, ಬಸ್ಸು ಕಾಣದೆ ವಾಪಸು ಬರುವುದು. ಅಕ್ಕ ಎರಡು ಬಾಳೆಹಣ್ಣು ತಂದರು. ನನ್ನದನ್ನು ಕೈಯಲ್ಲೇ ಹಿಡಿದುಕೊಂಡು ನಡೆದೆ.

"ಮಗೂ ನೆಗೆಟಿವ್ ಇದ್ರೆ ಏನೂ ಬೇಕಾಗಿಲ್ಲ, ಅಲ್ವಾ ಅಕ್ಕ?"

"ಇದ್ರೆ ಬೇಕಾಗಿಲ್ಲ. ಇರದು ಕಮ್ಮಿ," ಅಂದರು. ಸುಳ್ಳು ಸಮಾಧಾನ ಹೇಳುವ ಹೆಂಗಸಲ್ಲ ಅವರು.

ಆಸ್ಪತ್ರೆ ಚಿಕ್ಕದು, ನಾಲ್ಕೈದು ಮಂಚ. ಡಾಕ್ಟರಮ್ಮ ರಿಜಿಸ್ಟರನ್ನೂ ಹುಡುಗಿಯ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬೈಯಲಿಲ್ಲ. ತಕ್ಷಣ ತಾಯಿಯ ಬೆರಳಿನಿಂದ, ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು, ಅಕ್ಕನನ್ನೂ ಕರೆದುಕೊಂಡು ಒಳಗೆ ಹೋದರು. ನಾನು ಮಂಚದ ಪಕ್ಕ ನಿಂತೆ. ಹುಡುಗಿ ನನ್ನ ವಯಸ್ಸಿನವಳೇ. ಎದ್ದು ಕೂರಲು ಹೋದಳು.

"ನನ್ನ ಮಗೂಗೆ ಏನಾದ್ರೂ ಆಗೈತಾ?"

"ಮಗೂಗೆ ಏನಿಲ್ಲ. ನಿಮ್ಮ ರಕ್ತದ ಗುಂಪು ಚೀಟಿಲಿ ತಪ್ಪಾಗಿತ್ತು. ಅದಕ್ಕೆ."

ಅವಳ ತಾಯಿ, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದವರು, ತಲೆಯೆತ್ತಿದರು. "ಮಿಷಿನ್ ತಪ್ಪೋ, ನಿಮ್ಮ ತಪ್ಪೋ?"

ಮಿಷಿನ್ನಿನದು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನ ಮುಖ ಕಣ್ಣಮುಂದೆ ಬಂತು. "ನನ್ನ ತಪ್ಪು ಅಮ್ಮ," ಅಂದೆ. "ಮಿಷಿನ್ ತಪ್ಪಾಗ್ತಿದೆ ಅಂತ ಲ್ಯಾಬಿನ ಅಕ್ಕ ಎರಡು ಸಲ ಹೇಳಿದ್ರು. ನಾನು ಓದಿ ನೋಡ್ಲಿಲ್ಲ."

ಆಕೆ ಮತ್ತೆ ತಲೆ ತಗ್ಗಿಸಿದರು. ಮಗುವಿನ ಟೊಪ್ಪಿ ಸರಿಮಾಡುತ್ತ ಇದ್ದರು. ಅದನ್ನು ನೋಡುತ್ತ ನಿಂತಿರುವುದಕ್ಕಿಂತ ಕೆನ್ನೆಗೆ ಹೊಡೆಸಿಕೊಳ್ಳುವುದು ಸುಲಭ ಅನ್ನಿಸಿತು.

ಅಕ್ಕ ಹೊರಗೆ ಬಂದು ನನ್ನನ್ನು ನೋಡಿ ತಲೆಯಾಡಿಸಿದರು. ತಾಯಿ ನೆಗೆಟಿವ್, ಮಗು ಪಾಸಿಟಿವ್.

ಐದೂಕಾಲರ ಹೊತ್ತಿಗೆ ಯಜಮಾನರ ಸ್ಕೂಟರ್ ಬಂತು. ಹಿಂದಿನ ಸೀಟಿಗೆ ಹಗ್ಗದಲ್ಲಿ ಒಂದು ಅಗಲ ಬಾಯಿಯ ಫ್ಲಾಸ್ಕು ಕಟ್ಟಿದ್ದರು. ಒಳಗೆ ಐಸು, ಐಸಿನ ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಪುಟ್ಟ ಡಬ್ಬಿ. ಅರಸೀಕೆರೆಯ ಮೂರು ಮೆಡಿಕಲ್ ಸ್ಟೋರು ಸುತ್ತಿ, ಕೊನೆಗೆ ಒಂದು ನರ್ಸಿಂಗ್ ಹೋಮಿನಲ್ಲಿ ಬೇಡಿ ತಂದಿದ್ದರು. ಡಾಕ್ಟರಮ್ಮ ಡಬ್ಬಿಯ ಮೇಲಿನ ಅಕ್ಷರ ಎರಡು ಸಲ ಓದಿ, ಇಂಜೆಕ್ಷನ್ ಕೊಟ್ಟರು. ಯಜಮಾನರು ಬಾಗಿಲ ಹೊರಗೇ ನಿಂತಿದ್ದವರು, ಆಮೇಲೆ ಒಳಗೆ ಬಂದು ಹುಡುಗಿಯ ತಾಯಿಗೆ ಕೈಮುಗಿದರು. ನಮ್ಮ ಕಡೆಯಿಂದ ಆಗಬಾರದ್ದು ಆಗಿಬಿಡುತ್ತಿತ್ತು ಅಂದರು. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹಗರೆಯ ಮುದುಕರನ್ನು ಮರುದಿನ ಕಂಡೆವು. ಅವರು ಐದು ವಾರ ಬೇಡದ ಮಾತ್ರೆ ನುಂಗಿ, ಒಂದು ದಿನ ದನದ ಕೊಟ್ಟಿಗೆಯಲ್ಲಿ ತಲೆಸುತ್ತಿ ಬಿದ್ದು, ಮೊಣಕೈ ಮುರಿದುಕೊಂಡಿದ್ದರು. ಪಟ್ಟಿ ಕಟ್ಟಿದ ಕೈಯನ್ನು ತೋರಿಸಿ, "ಮಾತ್ರೆ ತಗಂಡ ಮ್ಯಾಲೆ ಸುಸ್ತು ಅಂದ್ರೆ ಯಾರೂ ನಂಬ್ಲಿಲ್ಲ," ಅಂದರು. ಯಜಮಾನರು ಅವರನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದರು. ಕೈ ಪೂರ್ತಿ ನೆಟ್ಟಗಾಗಲಿಲ್ಲ.

ಹಳೇಬೀಡಿನವರು ಸಿಗಲೇ ಇಲ್ಲ. ರಿಜಿಸ್ಟರಿನಲ್ಲಿ ಇದ್ದದ್ದು ತುಂಬ ಜನಕ್ಕಿರುವ ಒಂದು ಹೆಸರು, ವಯಸ್ಸು ಐವತ್ತೆರಡು, ಊರು ಹಳೇಬೀಡು, ಅಷ್ಟೇ. ಆ ಹೆಸರಿನ ಐದಾರು ಮನೆಗೆ ಹೋದೆವು. ಯಾರೂ ಬೇಲೂರಿನಲ್ಲಿ ರಕ್ತ ಕೊಟ್ಟವರಲ್ಲ. ಅಕ್ಕನಿಗೆ ಮುಖ ನೆನಪಿರಲಿಲ್ಲ. ಯಾರದೋ ಮನೆಗೆ ಬಂದಿದ್ದ ನೆಂಟರೋ, ಬೇರೆ ಊರಿನವರೋ. ಬೇಲೂರು, ಹಳೇಬೀಡಿನ ಡಾಕ್ಟರುಗಳಿಗೆಲ್ಲ ಅವರ ಹೆಸರು, ಸರಿಯಾದ ಅಂಕಿ ಬರೆದ ಚೀಟಿ ಕೊಟ್ಟೆವು. ಬಸ್ ಸ್ಟ್ಯಾಂಡಿನ ಗೋಡೆಗೂ ಒಂದು ಅಂಟಿಸಿದೆವು. ಯಾರೂ ಬರಲಿಲ್ಲ.

ಅಪ್ಪನಿಗೆ ಎಲ್ಲ ಹೇಳಿದ್ದು ಒಂದು ವಾರದ ಮೇಲೆ. ಕೆಲಸ ಹೋಗುತ್ತದೆ ಅಂತ ಅಂದುಕೊಂಡಿದ್ದೆ, ಹೋಗಲಿಲ್ಲ. ಅಪ್ಪ ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿ, "ನೀನೇ ಹೋಗಿ ಹೇಳಿದ್ಯಾ?" ಅಂದರು. ಹೂಂ ಅಂದೆ. ಇನ್ನೂ ಒಂದು ಮುದ್ದೆ ಹಾಕು ಅಂತ ಅಮ್ಮನಿಗೆ ಹೇಳಿ ಊಟ ಮುಂದುವರಿಸಿದರು.

ಗುಂಪು ಮಾಡುವ ಪ್ರೋಗ್ರಾಮನ್ನು ನಾನು ಬಿಸಾಕಲಿಲ್ಲ. ಅದಿಲ್ಲದೆ ಕವರುಗಳ ರಾಶಿ ಮತ್ತೆ ಬೆಳೆಯುತ್ತಿತ್ತು. ಸಿದ್ಧ ಉತ್ತರಗಳನ್ನು ಅಳಿಸಿದೆ. ಸಾಲುಗಳ ಜೊತೆಗೆ ಯಾವ ಲ್ಯಾಬು, ಯಾವ ಆವೃತ್ತಿ ಅನ್ನುವುದನ್ನೂ ಹೋಲಿಸುವಂತೆ ಮಾಡಿದೆ. ಪ್ರತಿ ಕಟ್ಟಿಗೂ ಹೊಸದಾಗಿ ಸೇರಿದ ವರದಿಯನ್ನು ಕೊನೆಯ ಸಾಲಿನವರೆಗೆ ಕಣ್ಣಲ್ಲಿ ಓದದೆ ಆಫೀಸು ಬಿಡುತ್ತಿರಲಿಲ್ಲ. ಯಾರಾದರೂ ಫೋನು ಮಾಡಿ ಇದು ಪ್ರಿಂಟರಲ್ಲ ಅಂದರೆ, ಅವರು ಹೇಳುವುದು ಮುಗಿಯುವ ತನಕ ಬಾಯಿ ತೆರೆಯುತ್ತಿರಲಿಲ್ಲ.

ಆದರೂ ಹೆದರಿಕೆ ಹೋಗಲಿಲ್ಲ. ಆಮೇಲೆ ಎರಡು ವರ್ಷ ಅಲ್ಲೇ ಕೆಲಸ ಮಾಡಿದೆ. ಬೇಲೂರಿಗೆ ಹೋಗುವಾಗಲೆಲ್ಲ ಹಳೇಬೀಡಿನಲ್ಲಿ ಬಸ್ಸು ನಿಂತರೆ, ಹತ್ತುವ ಐವತ್ತು ದಾಟಿದ ಗಂಡಸರನ್ನು ನೋಡುತ್ತಿದ್ದೆ. ಒಮ್ಮೆ ಒಬ್ಬರು ಪಕ್ಕದಲ್ಲಿ ಕೂತು, ಚೀಲದಿಂದ ನೀರಿನ ಬಾಟ್ಲು ತೆಗೆದು ಒಂದೇ ಸಮನೆ ಪೂರ್ತಿ ಕುಡಿದರು. ಸಕ್ಕರೆ ಹೆಚ್ಚಿರುವವರಿಗೆ ದಾಹ ಜಾಸ್ತಿ ಅಂತ ಅಕ್ಕ ಹೇಳಿದ್ದರು. ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಧೈರ್ಯ ತಂದುಕೊಂಡು, ಸಕ್ಕರೆ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ಇಲ್ಲವ್ವ, ಬಿಸ್ಲು," ಅಂದರು.